ಎಕ್ಸ್‌ರೇ ಮೇಲೆ ಪರಂಗಿ ಹಾಲು

ನಮ್ಮೂರು ಜಂಗಮಕೋಟೆಯಿಂದ ಸ್ವಲ್ಪ ಒಳಕ್ಕೆ, ಹಿಪ್ಪುನೇರಳೆ ತೋಟಗಳ ನಡುವೆ ಇದೆ. ಅಲ್ಲಿ ‘ಹರಡುತ್ತೆ’ ಅನ್ನುವ ಮಾತು ಕಿವಿಗೆ ಬಿದ್ದರೆ ಯಾರಾದರೂ ತಲೆ ಎತ್ತಿ ನೋಡುತ್ತಾರೆ. ರೇಷ್ಮೆ ಹುಳು ಸಾಕುವವರ ಬದುಕೇ ಹಾಗೆ. ತಟ್ಟೆಯಲ್ಲಿ ಹಾಲುತೊಂಡೆ ರೋಗದ ಒಂದು ಹುಳು ಕಂಡರೂ ಅಮ್ಮ ಅದನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿ, ಕೈ ಉಜ್ಜಿ ತೊಳೆದೇ ಮತ್ತೆ ಹುಳುಮನೆಯೊಳಗೆ ಕಾಲಿಡುತ್ತಿದ್ದಳು. ಒಂದರಿಂದ ಒಂದಕ್ಕೆ ಹತ್ತಿ ಇಡೀ ಬೆಳೆಯೇ ಹೋದ ಮನೆಗಳನ್ನು ನಾವೆಲ್ಲ ನೋಡಿದ್ದೆವು. ಹಾಗಾಗಿ ನನ್ನ ಕಾಯಿಲೆಯ ಬಗ್ಗೆ ಊರಿಗೆ ಬಂದ ಮೊದಲ ಸುದ್ದಿಯೇ ‘ಹರಡಿಬಿಟ್ಟಿದೆಯಂತೆ’ ಎಂಬುದಾಗಿದ್ದರಿಂದ ಊರು ಹೆದರಿದ್ದು ದೊಡ್ಡ ಮಾತೇನಲ್ಲ.

ಆಗ ನಾನು ಏಳನೇ ತರಗತಿಯಲ್ಲಿದ್ದೆ. ಖೊಖೊ ಆಟದಲ್ಲಿ ನನ್ನನ್ನು ಹಿಡಿಯುವುದು ಕಷ್ಟ ಎಂದು ಶಾಲೆಯಲ್ಲಿ ಹೆಸರಾಗಿತ್ತು. ಒಂದು ಸಲ ಕಂಬ ಸುತ್ತುವಾಗ ಬಲ ಮೊಣಕಾಲಿನ ಮೇಲ್ಭಾಗದಲ್ಲಿ ಚಳಕ್ ಎಂದಿತು. ಬಿದ್ದ ಪೆಟ್ಟು ಎಂದುಕೊಂಡೆವು. ಅಜ್ಜಿ ಎಣ್ಣೆ ಕಾಯಿಸಿ ಹಚ್ಚಿದಳು. ಅಜ್ಜಿ ಚಿಂತಾಮಣಿ ಕಡೆಯವಳು, ಅಂಬಾಜಿದುರ್ಗದ ಬುಡದ ಹಳ್ಳಿಯಲ್ಲಿ ಹುಟ್ಟಿದವಳು. ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದಾಗಲೆಲ್ಲ ತೆಲುಗಿಗೆ ತಿರುಗುತ್ತಿದ್ದಳು. “ಏಮೀ ಕಾದಮ್ಮ,” ಏನೂ ಆಗಲ್ಲಮ್ಮ, ಎನ್ನುತ್ತಾ ನೀವಿದಳು. ಊತ ಇಳಿಯಲಿಲ್ಲ. ದಿನೇ ದಿನೇ ಗಟ್ಟಿಯಾಗುತ್ತಾ ಬಂತು.

ಅಪ್ಪ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಗಿನ ಹಾಲಿನ ಗಾಡಿ ಕಳಿಸಿ, ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದ. ಅಲ್ಲಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾಳೆಯೇ ಬೆಂಗಳೂರಿಗೆ ಹೋಗಿ ಎಂದರು. ವಾಪಸು ಬರುವಾಗ ಫಿಲ್ಮು ಹಾಕಿದ್ದ ಕಂದು ಕವರನ್ನು ಹಿಡಿದು ನಾನು ಹಿಂದೆ ಕೂತಿದ್ದೆ. ಗಾಳಿಗೆ ಅದು ಪಟಪಟ ಎನ್ನುತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂಳೆಯಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿ, ಮೂಳೆಯ ಕ್ಯಾನ್ಸರ್ ಎಂದರು. ಎದೆಯ ಸ್ಕ್ಯಾನ್ ಮಾಡಿದ ಮೇಲೆ, ಎಡ ಶ್ವಾಸಕೋಶದಲ್ಲೂ ಅವರೆಕಾಳಿನಷ್ಟು ಒಂದು ಗಂಟಿದೆ ಎಂದರು. ಅಲ್ಲಿನ ದೊಡ್ಡ ಡಾಕ್ಟರು ನನ್ನನ್ನು ಹೊರಗೆ ಕಳಿಸದೆ, ನನ್ನ ಎದುರಿಗೇ ಎಲ್ಲ ಹೇಳಿದರು. ಮೊದಲು ಮದ್ದು, ಆಮೇಲೆ ಕಾಲಿನ ಆಪರೇಷನ್, ಎದೆಯ ಆಪರೇಷನ್, ಮತ್ತೆ ಮದ್ದು. ಕಾಲು ಕತ್ತರಿಸುವುದಿಲ್ಲ, ಕೆಟ್ಟ ಮೂಳೆ ತೆಗೆದು ಲೋಹದ್ದು ಕೂರಿಸುತ್ತೇವೆ. ಕಷ್ಟದ ದಾರಿ, ಆದರೆ ದಾರಿ ಇದೆ.

ಅಮ್ಮ ಅಳುತ್ತಿದ್ದಳು. ನನಗೆ ಅಳುವಿಗಿಂತ ಮೊದಲು ಬಂದದ್ದು ಸಿಟ್ಟು. ಮೊಣಕಾಲಿನಲ್ಲಿ ಇದ್ದದ್ದು ಎದೆಗೆ ಹೇಗೆ ಹೋಯಿತು? ಹೊಟ್ಟೆ ದಾಟಿ ಹೋಯಿತೇ? ಹಾಗಾದರೆ ಹೊಟ್ಟೆಯಲ್ಲಿ ಯಾಕೆ ನಿಲ್ಲಲಿಲ್ಲ, ತಲೆಗೆ ಯಾಕೆ ಹೋಗಲಿಲ್ಲ? ಅದನ್ನೇ ಕೇಳಿದೆ. ದೊಡ್ಡ ಡಾಕ್ಟರು, ಇದೇ ಪ್ರಶ್ನೆ ಕೇಳುತ್ತಾ ಕೂತಿರುವ ಒಬ್ಬರು ಇದೇ ಕಟ್ಟಡದಲ್ಲಿದ್ದಾರೆ, ನಾಳೆ ಅವರೇ ನಿನ್ನನ್ನು ನೋಡಲು ಬರುತ್ತಾರೆ ಎಂದರು.

ಮಾರನೆ ದಿನ ಬಂದವರು ಅಮ್ಮನಿಗಿಂತ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ. ರೋಗಿಗಳನ್ನು ನೋಡುವವರಲ್ಲ, ಲ್ಯಾಬಿನಲ್ಲಿ ಗಡ್ಡೆಗಳ ಚೂರುಗಳನ್ನು ನೋಡುವವರು. ಮಕ್ಕಳ ಕ್ಯಾನ್ಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಹೋಗುತ್ತದೆ ಎಂದು ಹುಡುಕುವುದೇ ಅವರ ಕೆಲಸ. ನನ್ನಿಂದ ತೆಗೆದ ಚೂರಿನಲ್ಲಿ ಪರೀಕ್ಷೆಗೆ ಬಳಸಿ ಉಳಿದದ್ದನ್ನು ಅಧ್ಯಯನಕ್ಕೆ ಇಟ್ಟುಕೊಳ್ಳಬಹುದೇ ಎಂದು ಕೇಳಲು ಬಂದಿದ್ದರು. ಅದರಿಂದ ನನ್ನ ಮಗಳಿಗೆ ಏನಾದರೂ ಉಪಯೋಗ ಇದೆಯಾ ಎಂದು ಅಮ್ಮ ಕೇಳಿದಳು. ಇಲ್ಲ, ಅವಳ ಚಿಕಿತ್ಸೆ ಏನೂ ಬದಲಾಗುವುದಿಲ್ಲ, ಮುಂದೆ ಯಾವುದಾದರೂ ಮಗುವಿಗೆ ಆಗಬಹುದು, ಆಗದೆಯೂ ಇರಬಹುದು ಎಂದು ಅವರು ನೇರವಾಗಿ ಹೇಳಿದರು. ಅಪ್ಪ ನನ್ನ ಮುಖ ನೋಡಿದ.

“ತಗೊಳ್ಳಿ,” ಎಂದೆ. “ಆದ್ರೆ ನಂಗೂ ತೋರಿಸ್ಬೇಕು.”

ಅವರು ನಗಲಿಲ್ಲ. “ತೋರಿಸ್ತೀನಿ. ಮೊದಲು ನೀನು ಹುಷಾರಾಗು,” ಎಂದರು. ಆಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. ಕಾಲಿನ ರಕ್ತವೆಲ್ಲ ಮೊದಲು ಹೃದಯಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ದಾರಿಯಲ್ಲಿ ಸಿಗುವ ಮೊದಲ ಜರಡಿ ಅದು. ಹೊಟ್ಟೆಗೆ, ತಲೆಗೆ ಹೋಗುವುದು ಅದಾದ ಮೇಲೆ. ಇದು ಒಂದು ಕಾರಣ.

“ಆದ್ರೆ ಅಲ್ಲಿಗೆ ಹೋದದ್ದೆಲ್ಲ ಬದುಕಲ್ಲ ಕಣಮ್ಮ. ಬಹಳಷ್ಟು ಸತ್ತೇ ಹೋಗ್ತವೆ. ಹೊರಡೋದಕ್ಕೆ, ಹೋದ ಕಡೆ ನಿಲ್ಲೋದಕ್ಕೆ ಬೇಕಾದ ಸಾಮಾನು ಇರೋವು ಮಾತ್ರ ಉಳಿಯೋದು. ಆ ಸಾಮಾನು ಜೀವಕೋಶದ ಮೈಮೇಲೇ ಇರುತ್ತೆ.”

ಆ ಸಾಮಾನು ಎರಡು ಬಗೆ. ಒಂದು ಕಿಣ್ವ. ಜೀವಕೋಶಗಳ ಸುತ್ತ ಇರುವ ನಾರಿನ ಬಲೆಯನ್ನು ಅದು ಕತ್ತರಿಸಿ ದಾರಿ ಮಾಡುತ್ತದೆ. ಇನ್ನೊಂದು ಗ್ರಾಹಕ. ಶ್ವಾಸಕೋಶ ಹೊರಬಿಡುವ ಒಂದು ರಾಸಾಯನಿಕವನ್ನು ಅದು ಹಿಡಿಯುತ್ತದೆ, ಹಿಡಿದ ಜೀವಕೋಶ ಆ ಕಡೆಗೆ ಸರಿದು ಅಲ್ಲೇ ಕೂರುತ್ತದೆ. ಇವೆರಡೂ ಒಳ್ಳೆಯ ಜೀವಕೋಶಗಳ ಮೇಲೂ ಇರುತ್ತವೆ. ಗಾಯ ಮಾಯುವುದೂ, ರಕ್ತದ ಕಣಗಳು ಮೂಳೆಯೊಳಗಿನ ತಮ್ಮ ಮನೆಗೆ ದಾರಿ ಹಿಡಿಯುವುದೂ ಇವುಗಳಿಂದಲೇ. ಕ್ಯಾನ್ಸರ್ ಹೊಸದೇನನ್ನೂ ಕಂಡುಹಿಡಿದಿಲ್ಲ, ಇರುವುದನ್ನೇ ಕದ್ದಿದೆ ಎಂದರು. ಎಲ್ಲವೂ ತಮಗೆ ಇನ್ನೂ ಗೊತ್ತಿಲ್ಲ ಎಂದೂ ಹೇಳಿದರು. ನನಗೆ ಆ ಮಾತು ಹಿಡಿಸಿತು. ಅಲ್ಲಿಯವರೆಗೆ ಎಲ್ಲರೂ ಎಲ್ಲ ಗೊತ್ತಿದ್ದವರ ಹಾಗೆ ಸಮಾಧಾನ ಹೇಳುತ್ತಿದ್ದರು.

ಮುಂದಿನ ಸುಮಾರು ಒಂದು ವರ್ಷ ಆಸ್ಪತ್ರೆಗೂ ಊರಿಗೂ ಓಡಾಟ. ಕೆಂಪು ಮದ್ದು ಹೋದ ದಿನ ವಾಂತಿ, ಹಳದಿ ಮದ್ದು ಹೋದ ದಿನ ಬಾಯಿ ತುಂಬ ಹುಣ್ಣು. ಕೂದಲು ದಿಂಬಿನ ಮೇಲೆ ಕಂತೆಯಾಗಿ ಉಳಿಯಿತು. ಅಪ್ಪ ಡೈರಿಯ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದು, ಮರುದಿನ ಬೆಳಗಿನ ಹಾಲಿನ ಹೊತ್ತಿಗೆ ಊರಲ್ಲಿರುತ್ತಿದ್ದ. ಅಮ್ಮ ಹುಳು ಸಾಕುವುದನ್ನು ಅಜ್ಜಿಗೆ ಬಿಟ್ಟು ನನ್ನ ಜೊತೆಯೇ ಇದ್ದಳು. ಕಾಲಿನ ಆಪರೇಷನ್ ಆಯಿತು. ಕೆಲವು ವಾರಗಳ ಮೇಲೆ ಎಡ ಪಕ್ಕೆಯನ್ನು ತೆರೆದು ಆ ಅವರೆಕಾಳನ್ನೂ ತೆಗೆದರು. ಎದ್ದು ನಿಂತ ಮೊದಲ ದಿನ ನನ್ನ ಕಾಲು ನನ್ನದೇ ಅನ್ನಿಸಲಿಲ್ಲ. ವಾಕರ್ ಹಿಡಿದು ಕಿಟಕಿಯವರೆಗೆ ಹೋಗಿ ವಾಪಸು ಬಂದೆ. ಅಮ್ಮ ಹಾಸಿಗೆಯ ಪಕ್ಕದಲ್ಲೇ ನಿಂತು, ಅಂಬೆಗಾಲಿಡುವ ಮಗುವನ್ನು ಕರೆಯುವ ಹಾಗೆ ಎರಡೂ ಕೈ ಚಾಚಿದ್ದಳು.

ಕೊನೆಯ ಮದ್ದು ಮುಗಿದು, ಸ್ಕ್ಯಾನ್ ಸ್ವಚ್ಛವಾಗಿ ಬಂದು, ನಾನು ಗೆದ್ದೆ ಎಂದುಕೊಂಡು ಊರಿಗೆ ಬಂದರೆ ಅಲ್ಲಿ ಬೇರೆಯೇ ಕಾದಿತ್ತು.

ಪಕ್ಕದ ಮನೆಯ ಚಿಕ್ಕಮ್ಮ ಒಳ್ಳೆಯವಳು. ನಾನು ಆಸ್ಪತ್ರೆಯಲ್ಲಿದ್ದಾಗ ಅಜ್ಜಿಗೆ ಸೊಪ್ಪು ಕೊಯ್ದುಕೊಟ್ಟವಳು. ಅವಳೇ ಕಾಂಪೌಂಡಿನ ಆಚೆಯಿಂದ ಅಮ್ಮನನ್ನು ಕರೆದು, ತಪ್ಪು ತಿಳಿಯಬೇಡಕ್ಕ, ನಮ್ಮ ಹುಳುಗಳು ಕೊನೆಯ ಜ್ವರದಲ್ಲಿವೆ, ಮಗುವನ್ನು ಈ ಕಡೆ ಬಿಡಬೇಡ ಎಂದಳು. ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಹುಳುಮನೆಯ ಹತ್ತಿರ ಯಾವ ರೋಗವೂ ಸುಳಿಯಬಾರದು. ಡೈರಿಯಲ್ಲಿ ಒಬ್ಬರು, ಕಾರ್ಯದರ್ಶಿಯ ಮನೆಯ ಹಾಲನ್ನು ಬೇರೆ ಕ್ಯಾನಿಗೆ ಹಾಕಿದರೆ ಒಳ್ಳೆಯದು ಎಂದರಂತೆ. ಅಪ್ಪ ಅವರೆದುರಿಗೇ ನಮ್ಮ ಹಸುವಿನ ಹಾಲನ್ನು ಒಂದು ಲೋಟ ಕುಡಿದು, ಉಳಿದದ್ದನ್ನು ಎಲ್ಲರ ಹಾಲಿನ ಜೊತೆಗೇ ಸುರಿದ. ಹೈಸ್ಕೂಲಿಗೆ ಸೇರಿದೆ. ಮುಂದಿನ ಬೆಂಚು ನನಗೊಬ್ಬಳಿಗೇ ಸಿಕ್ಕಿತು. ಕಾಲು ಚಾಚಿಕೊಳ್ಳಲು ಅನುಕೂಲ ಎಂದು ಕಾರಣ ಕೊಟ್ಟರು. ನೀರು ಕುಡಿಯಲು ನನಗೆ ಬೇರೆ ಲೋಟ ಇಟ್ಟಿದ್ದಕ್ಕೆ ಯಾರೂ ಕಾರಣ ಕೊಡಲಿಲ್ಲ.

ಅಮ್ಮ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಅಜ್ಜಿ ಮಾತ್ರ ತೆಲುಗಿನಲ್ಲಿ ಇಡೀ ಬೀದಿಗೆ ಕೇಳಿಸುವಂತೆ ಬೈದಳು. ಅವಳು ಬೈದದ್ದು ಬೀದಿಯಲ್ಲಿ ಎಲ್ಲರಿಗೂ ಅರ್ಥವಾಯಿತು, ಆದರೆ ಏನೂ ಬದಲಾಗಲಿಲ್ಲ.

ನಮ್ಮ ಜಿಲ್ಲೆ ಕೋಲಾರದಿಂದ ಬೇರೆಯಾಗಿದೆ, ಇನ್ನು ಚಿಕ್ಕಬಳ್ಳಾಪುರದಲ್ಲೇ ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನ ನಡೆಯುತ್ತದೆ ಎಂದು ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಹೇಳಿದರು. ಮೊದಲು ಶಿಡ್ಲಘಟ್ಟದಲ್ಲಿ ತಾಲ್ಲೂಕು ಮಟ್ಟ, ಗೆದ್ದರೆ ಚಿಕ್ಕಬಳ್ಳಾಪುರ. ಹುಡುಗರು ಜ್ವಾಲಾಮುಖಿ, ಗೋಬರ್ ಗ್ಯಾಸ್, ಹನಿ ನೀರಾವರಿ ಎಂದು ಹೆಸರು ಕೊಟ್ಟರು. ನಾನು ಎದ್ದು ನಿಂತು, ಕ್ಯಾನ್ಸರ್ ಹೇಗೆ ಹರಡುತ್ತದೆ ಎಂದು ಮಾಡುತ್ತೇನೆ ಎಂದೆ.

ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆದರು. “ಜನ ಹೆದರ್ತಾರಮ್ಮ. ಹತ್ರಾನೇ ಬರಲ್ಲ. ಬೇರೆ ಏನಾದ್ರೂ ಮಾಡಣ,” ಎಂದರು.

“ಹತ್ರ ಬರ್ಲಿ ಅಂತಾನೇ ಸಾರ್ ಮಾಡ್ತಿರೋದು,” ಎಂದೆ.

ಅವರು ಸ್ವಲ್ಪ ಹೊತ್ತು ಸೀಮೆಸುಣ್ಣದ ಪುಡಿ ಹತ್ತಿದ ಬೆರಳುಗಳನ್ನು ಉಜ್ಜಿಕೊಂಡರು. ಆಮೇಲೆ ಸರಿ ಎಂದರು. ಒಪ್ಪಿದ ಮೇಲೆ ಅವರು ಹಿಂದೆ ಸರಿಯಲಿಲ್ಲ.

ಮುಂದಿನ ಚೆಕಪ್‌ಗೆ ಬೆಂಗಳೂರಿಗೆ ಹೋದಾಗ ಲ್ಯಾಬಿನ ಡಾಕ್ಟರಮ್ಮನನ್ನು ಹುಡುಕಿಕೊಂಡು ಹೋದೆ. ಕೊಟ್ಟ ಮಾತನ್ನು ಅವರು ಮರೆತಿರಲಿಲ್ಲ. ಅಪ್ಪನನ್ನೂ ನನ್ನನ್ನೂ ಮೈಕ್ರೋಸ್ಕೋಪಿನ ಮುಂದೆ ಕೂರಿಸಿ, ಮೊದಲ ಗಾಜಿನ ಪಟ್ಟಿಯನ್ನು ಇಟ್ಟರು. ಮದ್ದು ಕೊಡುವ ಮೊದಲು ನನ್ನ ಮೂಳೆಯಿಂದ ತೆಗೆದ ಚೂರು ಅದು. ಕಣ್ಣಿಟ್ಟೆ. ನೀಲಿ ಚುಕ್ಕೆಗಳು ಒತ್ತೊತ್ತಾಗಿ ತುಂಬಿದ್ದವು. ಪ್ರತಿ ಚುಕ್ಕೆಯ ಸುತ್ತಲೂ ಕಾಫಿ ಬಣ್ಣದ ಒಂದು ಗೆರೆ. ಕತ್ತರಿಸುವ ಆ ಕಿಣ್ವ ಎಲ್ಲಿದೆಯೋ ಅಲ್ಲಿ ಮಾತ್ರ ಆ ಬಣ್ಣ ಹತ್ತುತ್ತದೆ ಎಂದರು. ಅದು ಜೀವಕೋಶದ ಒಳಗೆ ಇರಲಿಲ್ಲ. ಅಂಚಿನಲ್ಲಿತ್ತು, ಮೈಮೇಲೆ, ಅವರು ಹೇಳಿದ್ದ ಹಾಗೆಯೇ.

ಎರಡನೆಯದು ಶ್ವಾಸಕೋಶದಿಂದ ತೆಗೆದ ಕಾಳು. ಹೆಚ್ಚಿನ ಜಾಗ ಖಾಲಿ. ಒಂದು ಮೂಲೆಯಲ್ಲಿ ಮಾತ್ರ ಕೆಲವು ಕಾಫಿ ಗೆರೆಯ ಚುಕ್ಕೆಗಳು ಗುಂಪಾಗಿದ್ದವು. ದಾರಿ ಕತ್ತರಿಸಿಕೊಂಡು ಅಷ್ಟು ದೂರ ಹೋದವು ಅವು.

ಮೂರನೆಯದನ್ನು ಇಟ್ಟಾಗ ನನಗೆ ಏನೂ ಕಾಣಿಸಲಿಲ್ಲ. ಫೋಕಸ್ ಸರಿಯಿಲ್ಲ ಎಂದೆ. ಸರಿಯಾಗಿಯೇ ಇದೆ ನೋಡು ಎಂದರು. ಮತ್ತೆ ನೋಡಿದೆ. ಮಬ್ಬು ಗುಲಾಬಿ ಬಣ್ಣದ ನಾರು, ಅಲ್ಲಲ್ಲಿ ಮೂಳೆಯ ಚಕ್ಕೆ. ನೀಲಿ ಇಲ್ಲ, ಕಾಫಿ ಬಣ್ಣವೂ ಇಲ್ಲ.

“ಇದು ನಿನ್ನ ಮೊಣಕಾಲೇ. ಮದ್ದು ಕೊಟ್ಟ ಮೇಲೆ ಆಪರೇಷನ್‌ನಲ್ಲಿ ತೆಗೆದದ್ದು,” ಎಂದರು ಡಾಕ್ಟರಮ್ಮ. “ಎಲ್ಲ ಸತ್ತಿವೆ.”

ಅಪ್ಪನೂ ನೋಡಿದ. ಡೈರಿಯಲ್ಲಿ ಹಾಲಿನ ಕೊಬ್ಬು ಅಳೆಯುವಾಗ ಒಂದು ಕಣ್ಣು ಮುಚ್ಚಿಕೊಳ್ಳುವ ಹಾಗೆ ಮುಚ್ಚಿಕೊಂಡು ಬಹಳ ಹೊತ್ತು ನೋಡಿದ. ತಲೆ ಎತ್ತಿದಾಗ ಅವನ ಮುಖದಲ್ಲಿ ನಗು ಇತ್ತು. ಚಿಕ್ಕಬಳ್ಳಾಪುರದ ಆ ಎಕ್ಸ್‌ರೇ ದಿನದಿಂದ ನಾನು ಕಾಣದೇ ಇದ್ದ ನಗು ಅದು. ಮೊದಲನೆಯದನ್ನು ಇನ್ನೊಮ್ಮೆ ತೋರಿಸಿ, ಆಮೇಲೆ ಮೂರನೆಯದನ್ನು ತೋರಿಸಿ ಎಂದು ಕೇಳಿದ. ಡಾಕ್ಟರಮ್ಮ ಅವನು ಕೇಳಿದಷ್ಟು ಸಲ ತೋರಿಸಿದರು.

ಪ್ರದರ್ಶನಕ್ಕೆ ಏನು ಮಾಡಲಿ ಎಂದು ಕೇಳಿದೆ. ಕಿಣ್ವ ಕತ್ತರಿಸುವುದನ್ನು ಜನ ಕಣ್ಣಾರೆ ನೋಡಬೇಕು ಎಂದೆ. ಅವರು ಯೋಚಿಸಿ, ಎಕ್ಸ್‌ರೇ ಫಿಲ್ಮಿನ ಮೇಲಿನ ಕಪ್ಪು ಪದರ ಜೆಲಾಟಿನ್‌ನದು, ಜೀವಕೋಶಗಳ ಸುತ್ತಲಿನ ನಾರೂ ಅದೇ ಜಾತಿಯದು, ಕಾಯಿ ಪರಂಗಿಯ ಹಾಲಿನಲ್ಲಿ ಅದನ್ನು ಕರಗಿಸುವ ಕಿಣ್ವ ಇದೆ, ಮಾಡಿ ನೋಡು ಎಂದರು.

ಊರಿಗೆ ಬಂದವಳೇ ಹಳೆಯ ಎಕ್ಸ್‌ರೇ ಬೇಕು ಎಂದೆ. ಅಮ್ಮ ನನ್ನ ಎಲ್ಲ ಫಿಲ್ಮುಗಳನ್ನೂ ಟ್ರಂಕಿನಲ್ಲಿ, ಬಟ್ಟೆಯ ಕೆಳಗೆ ಇಟ್ಟಿದ್ದಳು. ಆಸ್ಪತ್ರೆಯವರು ಕೇಳಿದರೆ ಎಂಬ ಭಯಕ್ಕೆ ಮೊದಲು ಒಪ್ಪಲಿಲ್ಲ. ಹಳೆಯವು ಇನ್ನು ಬೇಡ ಎಂದು ಡಾಕ್ಟರಮ್ಮನೇ ಹೇಳಿದ್ದಾರೆ ಎಂದ ಮೇಲೆ ಟ್ರಂಕು ತೆಗೆದಳು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾ, ಕೊನೆಗೆ ಚಿಕ್ಕಬಳ್ಳಾಪುರದ ಆ ಮೊದಲ ಫಿಲ್ಮನ್ನೇ ನನ್ನ ಕೈಗಿಟ್ಟಳು.

“ತಗೋ. ಇದನ್ನೇ ತೂತು ಮಾಡು,” ಎಂದಳು.

ಹಿತ್ತಲಿನ ಪರಂಗಿ ಗಿಡದ ಕಾಯಿಗೆ ಚಾಕುವಿನಲ್ಲಿ ಗೀರು ಹಾಕಿ ಹಾಲು ಇಳಿಸಿಕೊಂಡೆ. ಫಿಲ್ಮಿನ ಮೇಲೆ, ಸರಿಯಾಗಿ ಮೊಣಕಾಲಿನ ಜಾಗದಲ್ಲಿ, ಹನಿ ಬಿಟ್ಟು ಬಿಸಿಲಿಗೆ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ ತೊಳೆದರೆ ಬರೀ ಬೂದು ಕಲೆ. ತೂತು ಬೀಳಲಿಲ್ಲ. ಮೂರ್ನಾಲ್ಕು ಸಲ ಮಾಡಿದರೂ ಅಷ್ಟೇ. ಮರುದಿನ ಶಾಲೆಗೆ ಒಯ್ದೆ. ಮೇಷ್ಟ್ರು ಫಿಲ್ಮನ್ನು ಉಗುರಿನಲ್ಲಿ ಕೆರೆದು ನೋಡಿ, ಪದರ ಎರಡೂ ಕಡೆ ಇದೆ ಎಂದು ಕಂಡುಹಿಡಿದರು. ಹಿಂಬದಿಗೂ ಅದೇ ಜಾಗದಲ್ಲಿ ಹನಿ ಹಾಕಿದೆವು. ಈ ಸಲ ತೊಳೆದಾಗ ಕಪ್ಪೆಲ್ಲ ಮಸಿಯ ಹಾಗೆ ಹರಿದುಹೋಗಿ, ತಿಳಿನೀಲಿ ಪ್ಲಾಸ್ಟಿಕ್ಕಿನ ಒಂದು ದುಂಡನೆಯ ಕಿಟಕಿ ಉಳಿಯಿತು. ಆಚೆಯಿಂದ ಮೇಷ್ಟ್ರ ಕಣ್ಣು ಕಾಣುತ್ತಿತ್ತು. ಪಕ್ಕದಲ್ಲಿ ಕುದಿಸಿದ ಪರಂಗಿ ಹಾಲಿನ ಹನಿ ಹಾಕಿಸಿದರು. ಅಲ್ಲಿ ಏನೂ ಆಗಲಿಲ್ಲ. ಕಿಣ್ವ ಕೆಟ್ಟರೆ ದಾರಿ ಇಲ್ಲ. ಅದನ್ನೂ ತೋರಿಸು ಎಂದರು.

ಗ್ರಾಹಕವನ್ನು ತೋರಿಸುವುದಕ್ಕೆ ಅಮ್ಮನ ಹೊಲಿಗೆ ಡಬ್ಬಿ ಸಾಕಾಯಿತು. ಕ್ಯಾನ್ಸರ್ ಜೀವಕೋಶ ಎಂದು ಹತ್ತಿ ತುಂಬಿದ ಬಟ್ಟೆಯ ಚೆಂಡು ಮಾಡಿ ಅದರ ಮೈತುಂಬ ಟಿಚ್ ಬಟನ್ನಿನ ಒಂದೊಂದು ಅರ್ಧ ಹೊಲಿದೆವು. ಇನ್ನೊಂದು ಅರ್ಧವನ್ನು ಕೆಂಪು ಬಟ್ಟೆಯ ಶ್ವಾಸಕೋಶಕ್ಕೆ ಹೊಲಿದೆವು. ಮಿದುಳಿಗೂ ಹೊಟ್ಟೆಗೂ ಹೊಲಿದದ್ದು ಬೇರೆ ಅಳತೆಯ ಬಟನ್. ಚೆಂಡನ್ನು ಬೇರೆ ಎಲ್ಲಿಗೆ ಒತ್ತಿದರೂ ಕೂರುವುದಿಲ್ಲ, ಶ್ವಾಸಕೋಶಕ್ಕೆ ಒತ್ತಿದರೆ ಟಿಚ್ ಎಂದು ಕೂರುತ್ತದೆ. ಅಜ್ಜಿಗೆ ಆ ಸದ್ದು ಎಷ್ಟು ಇಷ್ಟವಾಯಿತೆಂದರೆ ಅವಳ ಕೈಯಿಂದ ಚೆಂಡನ್ನು ಬಿಡಿಸಿಕೊಳ್ಳುವುದೇ ಕಷ್ಟವಾಯಿತು. ಚಾರ್ಟಿನ ಮೇಲೆ ನಾನು ದೊಡ್ಡದಾಗಿ ‘ಗ್ರಾಹಕಗಳು’ ಎಂದು ಬರೆದಿದ್ದೆ. ಡೈರಿಗೆ ಬಂದ ಒಬ್ಬರು ಅದನ್ನು ನೋಡಿ, ಇದು ನಮ್ಮ ಹಾಲಿನ ಗಿರಾಕಿಗಳ ವಿಷಯವಾ ಎಂದು ಕೇಳಿದರು. ಅಪ್ಪ ಹೌದು, ಕ್ಯಾನ್ಸರಿನ ಗಿರಾಕಿಗಳು ಎಂದ.

ಶಿಡ್ಲಘಟ್ಟದಲ್ಲಿ ಮೇಷ್ಟ್ರು ಹೇಳಿದ್ದೇ ಆಯಿತು. ಚಾರ್ಟಿನ ಮೇಲಿನ ಕ್ಯಾನ್ಸರ್ ಎಂಬ ಪದ ಓದಿ ಜನ ನನ್ನ ಮೇಜನ್ನು ಬಳಸಿಕೊಂಡು ಹೋದರು. ಆಮೇಲೆ ಒಬ್ಬ ಪುಟ್ಟ ಹುಡುಗಿ ಚೆಂಡು ಕೇಳಿದಳು. ಕೊಟ್ಟೆ. ಟಿಚ್ ಎಂದಿತು. ಅವಳ ಹಿಂದೆ ಇನ್ನಿಬ್ಬರು ಬಂದರು. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜಿನ ಸುತ್ತ ಜಾಗವಿರಲಿಲ್ಲ. ಎಕ್ಸ್‌ರೇಯಲ್ಲಿ ತೂತು ಬೀಳುವುದನ್ನು ನೋಡಲು ಹನಿ ಹಾಕಿದ ಹೊತ್ತಿನಿಂದ ಕಾದು ನಿಂತವರೂ ಇದ್ದರು. ಇದು ಯಾರ ಎಕ್ಸ್‌ರೇ ಎಂದು ಕೇಳಿದವರಿಗೆಲ್ಲ ನನ್ನದೇ ಎನ್ನುತ್ತಿದ್ದೆ. ಹರಡುತ್ತಾ ಎಂದು ಕೇಳಿದವರಿಗೆ, ಹರಡುತ್ತೆ, ಆದರೆ ಒಬ್ಬರ ಮೈಯೊಳಗೇ, ಅವರ ಮೂಳೆಯಿಂದ ಅವರದೇ ಶ್ವಾಸಕೋಶಕ್ಕೆ, ನಿಮಗೆ ಬರಬೇಕಾದರೆ ನೀವು ನಾನೇ ಆಗಿರಬೇಕು ಎನ್ನುತ್ತಿದ್ದೆ. ಆ ಉತ್ತರ ನನಗೆ ಅಲ್ಲೇ, ಮಾತಾಡುತ್ತಾ ಹೊಳೆದದ್ದು. ತಾಲ್ಲೂಕಿಗೆ ಮೊದಲ ಸ್ಥಾನ ಬಂತು.

ಚಿಕ್ಕಬಳ್ಳಾಪುರದ ಪ್ರದರ್ಶನಕ್ಕೆ ಅಪ್ಪ, ಅಮ್ಮ, ಅಜ್ಜಿ, ಮೇಷ್ಟ್ರು ಎಲ್ಲರೂ ಹೊರಟೆವು. ನಾವು ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಮನೆಯ ಚಿಕ್ಕಮ್ಮನೂ ಹೊಸ ಸೀರೆ ಉಟ್ಟು ಬಂದು ನಿಂತಳು. ನಾನೂ ಬರ್ತೀನಿ ಅಕ್ಕ ಎಂದಳು ಅಮ್ಮನಿಗೆ. ಬಸ್ಸು ಹತ್ತಿದ ಮೇಲೆ ಅಮ್ಮ ಸೀಟಿನಲ್ಲಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಕೊಟ್ಟಳು.

ಅಲ್ಲಿ ತೀರ್ಪುಗಾರರಾಗಿ ಬಂದಿದ್ದ ಕಾಲೇಜಿನ ಪ್ರೊಫೆಸರು ನನ್ನ ಮೇಜಿನ ಮುಂದೆ ಬಹಳ ಹೊತ್ತು ನಿಂತರು. ಕ್ಯಾನ್ಸರ್ ಜೀವಕೋಶದಲ್ಲಿ ಪರಂಗಿ ಹಾಲು ಇರುವುದಿಲ್ಲವಲ್ಲ ಎಂದರು. ಇಲ್ಲ ಸಾರ್, ಕಿಣ್ವ ಬೇರೆ, ಕೆಲಸ ಒಂದೇ ಎಂದೆ. ಪರಂಗಿ ಹಾಲು ಚೆಲ್ಲಿದ ಕಡೆಯೆಲ್ಲ ಕರಗಿಸುತ್ತದೆ, ಜೀವಕೋಶದ ಕಿಣ್ವ ಅದರ ಮೈಗೇ ಅಂಟಿಕೊಂಡಿರುವುದರಿಂದ ಅದು ಮುಂದೆ ಸರಿಯುವ ಕಡೆ ಮಾತ್ರ ಕತ್ತರಿಸುತ್ತದೆ ಎಂದೆ. ಹಾಗಾದರೆ ಆ ಕಿಣ್ವವನ್ನು ತಡೆಯುವ ಮದ್ದು ಕೊಟ್ಟರೆ ಮುಗಿಯಿತಲ್ಲ ಎಂದರು. ಅಷ್ಟು ಸುಲಭ ಅಲ್ಲ, ಗಾಯ ಮಾಯುವುದಕ್ಕೂ ಅದೇ ಬೇಕು, ಡಾಕ್ಟರುಗಳು ಇನ್ನೂ ಹುಡುಕುತ್ತಿದ್ದಾರೆ ಎಂದೆ.

“ನಿನಗೆ ಇದನ್ನೆಲ್ಲ ಯಾರು ಹೇಳಿಕೊಟ್ಟರು?”

“ನಂದೇ ಸಾರ್ ಗಡ್ಡೆ. ಕೇಳಿ ತಿಳ್ಕೊಂಡೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೋದರು. ಜಿಲ್ಲೆಗೆ ಎರಡನೇ ಸ್ಥಾನ ಬಂತು. ಮಳೆನೀರು ಇಂಗಿಸುವ ಮಾದರಿಗೆ ಮೊದಲನೆಯದು. ಎರಡನೆಯದು ಯಾಕೆ ಎಂದು ಅಜ್ಜಿ ಪ್ರೊಫೆಸರನ್ನೇ ಕೇಳಲು ಹೊರಟಿದ್ದಳು, ಮೇಷ್ಟ್ರು ತಡೆದರು. ಚಿಕ್ಕಮ್ಮ ಅಷ್ಟು ಜನರ ನಡುವೆ ನನ್ನನ್ನು ಬರಸೆಳೆದು ಅಪ್ಪಿಕೊಂಡಳು. ಆಸ್ಪತ್ರೆಯಿಂದ ಬಂದ ಮೇಲೆ ಮನೆಯವರಲ್ಲದವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಮರುದಿನ ಅವಳ ಹುಳುಮನೆಯಲ್ಲಿ ನಾನು ಸೊಪ್ಪು ಹಾಕಿದೆ. ಶಾಲೆಯ ಬೆಂಚಿನ ಮೇಲೆ ನನ್ನ ಪಕ್ಕಕ್ಕೆ ಇಬ್ಬರು ಬಂದು ಕೂತರು, ಕಾಲು ಚಾಚಲು ಜಾಗವೇ ಇಲ್ಲದ ಹಾಗಾಯಿತು.

ಆದರೆ ಪ್ರದರ್ಶನದ ದಿನ ನಾನು ನಿಜಕ್ಕೂ ಗೆದ್ದದ್ದು ಬೇರೆ. ಎಲ್ಲ ಕಟ್ಟಿಡುತ್ತಿದ್ದಾಗ ಒಬ್ಬ ಹೆಂಗಸು ಮೇಜಿನ ಹತ್ತಿರ ಬಂದು ನಿಂತಳು. ಗೌರಿಬಿದನೂರಿನವಳು. ಅವಳ ದೊಡ್ಡ ಮಗಳು ಪ್ರದರ್ಶನಕ್ಕೆ ಬಂದಿದ್ದಳು. ಅವಳನ್ನು ಕರೆತಂದ ಈ ತಾಯಿ ನನ್ನ ಮಾತನ್ನು ಬೆಳಗಿನಿಂದ ದೂರದಲ್ಲಿ ನಿಂತು ಕೇಳಿಸಿಕೊಂಡಿದ್ದಳಂತೆ. ಚಿಕ್ಕ ಮಗನಿಗೆ ಒಂಬತ್ತು ವರ್ಷ, ಮೊಣಕಾಲಿನ ಕೆಳಗೆ ಇದೇ ಗಡ್ಡೆ, ಎದೆಗೂ ಹರಡಿದೆ ಎಂದು ಗೊತ್ತಾಗಿದೆ. ಹರಡಿದ ಮೇಲೆ ಸುಮ್ಮನೆ ಮಗುವಿಗೆ ಹಿಂಸೆ ಯಾಕೆ ಎಂದು ಮನೆಯ ಹಿರಿಯರು ಆಸ್ಪತ್ರೆಗೆ ಕಳಿಸಿರಲಿಲ್ಲ.

“ನಿಂಗೂ ಎದೆಗೆ ಹೋಗಿತ್ತಾ ತಾಯಿ?” ಎಂದಳು.

“ಹೋಗಿತ್ತು. ತೆಗೆದ್ರು.”

ಅವಳಿಗೆ ನಂಬಿಕೆ ಬರಲಿಲ್ಲ. ಅಮ್ಮ ಅವಳನ್ನು ಕೈ ಹಿಡಿದು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ನಾನು ಅಂಗಿ ಸರಿಸಿ ಎಡ ಪಕ್ಕೆಯ ಗಾಯದ ಗೆರೆ ತೋರಿಸಿದೆ. ಅವಳು ಅದರ ಮೇಲೆ ಬೆರಳಿಟ್ಟು ಕೊನೆಯಿಂದ ಕೊನೆಯವರೆಗೆ ಮುಟ್ಟಿ ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು, ಯಾವ ಆಸ್ಪತ್ರೆ, ಹೇಗೆ ಹೋಗಬೇಕು ಎಂದು ಕೇಳಿದಳು. ಅಪ್ಪ, ನಾನೇ ಜೊತೆಗೆ ಬರ್ತೀನಿ ಎಂದ. ಅದೇ ವಾರ ಅವರನ್ನು ಕರೆದೊಯ್ದು ದೊಡ್ಡ ಡಾಕ್ಟರ ಮುಂದೆ ಕೂರಿಸಿ ಬಂದ.

ಆ ಹುಡುಗನ ದಾರಿ ನನ್ನದಕ್ಕಿಂತ ಉದ್ದವಾಯಿತು. ಎದೆಯನ್ನು ಎರಡೂ ಕಡೆ ತೆರೆಯಬೇಕಾಯಿತು. ಚೆಕಪ್‌ಗೆ ಹೋದಾಗಲೆಲ್ಲ ಅವನ ವಾರ್ಡಿಗೆ ಹೋಗಿ ಬರುತ್ತಿದ್ದೆ. ಲ್ಯಾಬಿನ ಡಾಕ್ಟರಮ್ಮ ಅವನ ಹತ್ತಿರವೂ ಚೂರು ಕೇಳಿದಾಗ, ಅಕ್ಕನಿಗೆ ತೋರಿಸಿದ ಹಾಗೆ ನನಗೂ ತೋರಿಸಬೇಕು ಎಂದು ಹಠ ಹಿಡಿದನಂತೆ.

ಅವನ ಚಿಕಿತ್ಸೆ ಮುಗಿದ ಮೇಲೆ ಅವರ ಮನೆಯವರು ನಮ್ಮನ್ನೆಲ್ಲ ಗೌರಿಬಿದನೂರಿಗೆ ಊಟಕ್ಕೆ ಕರೆದರು. ಕಾಯಿ ಒಬ್ಬಟ್ಟು, ಮಾವಿನಕಾಯಿ ಚಿತ್ರಾನ್ನ. ಹಿಂದೆ ಆಸ್ಪತ್ರೆ ಬೇಡ ಎಂದಿದ್ದ ಅವನ ಅಜ್ಜನೇ, ಸಾಕು ಎಂದವರನ್ನು ಬೈಯುತ್ತಾ, ಎಲೆಯ ಮುಂದೆ ನಿಂತು ಬಡಿಸಿದರು. ಊಟವಾದ ಮೇಲೆ ಹುಡುಗ ಬೀದಿಗೆ ಕರೆದ. ಅವನ ಕಾಲಿನಲ್ಲೂ ನನ್ನ ಹಾಗೆ ಲೋಹ. ಮೂಲೆಯ ಅಂಗಡಿಯವರೆಗೆ ಪಂದ್ಯ ಎಂದ. ಓಡುವ ಹಾಗಿಲ್ಲ, ನಡೆಯುವುದು ಮಾತ್ರ ಎಂದು ಅಮ್ಮಂದಿರಿಬ್ಬರೂ ಒಟ್ಟಿಗೆ ಕೂಗಿದರು. ನಾನು ಬಲಕ್ಕೆ ವಾಲುತ್ತಾ, ಅವನು ಎಡಕ್ಕೆ ವಾಲುತ್ತಾ ಹೊರಟೆವು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಅರ್ಧ ದಾರಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ, ಹೆಜ್ಜೆ ತಪ್ಪಿತು. ಅವನು ಮುಂದೆ ಹೋಗಿ ಅಂಗಡಿಯ ಕಂಬ ಮುಟ್ಟಿ, ಏದುಸಿರು ಬಿಡುತ್ತಾ ತಿರುಗಿ ನಿಂತ.

“ನಿಂದು ಹಳೇ ಕಬ್ಬಿಣ ಅಕ್ಕ,” ಎಂದ. “ನಂದು ಹೊಸದು.”